6 ಜಿಬಿ ಫೈಲ್, 4 ಜಿಬಿ ಮೆಮೊರಿ: ಹರಿವಿನಲ್ಲೇ ಕುಗ್ಗಿಸುವುದು, ಹರಿವಿನಲ್ಲೇ ಬಿಚ್ಚುವುದು

ಪ್ರಶ್ನೆ: ನಮ್ಮದು ಬದಿಯಡ್ಕದ ಕಡೆ. ನಾಲ್ಕೈದು ಸಹಕಾರಿ ಸಂಘಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ದಿನಾ ರಾತ್ರಿ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಡಂಪ್ (ಇಡೀ ಡೇಟಾಬೇಸನ್ನು ಬರೆದಿಟ್ಟ ಫೈಲ್) ತೆಗೆದು, ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಜಿಜಿಪ್ ಮಾಡಿ, ಅಂದರೆ ಕುಗ್ಗಿಸಿ, ಇಡುತ್ತೇನೆ. ಈಗ ಡಂಪ್ 6 ಜಿಬಿ ಆಗಿದೆ. ವಿಂಡೋಸ್ ಕಂಪ್ಯೂಟರ್, ಮೆಮೊರಿ 4 ಜಿಬಿ. ಸ್ಕ್ರಿಪ್ಟ್ ಮೆಮೊರಿ ಎರರ್ ಕೊಟ್ಟು ನಿಂತುಬಿಡುತ್ತದೆ. ಆಮೇಲೆ ಪೈಥಾನ್‌ನ ಇನ್ನೊಂದು ಕುಗ್ಗಿಸುವ ಮಾಡ್ಯೂಲ್ ಜೆಡ್‌ಲಿಬ್ ಹಾಕಿ ತುಂಡು ತುಂಡಾಗಿ ಕುಗ್ಗಿಸಿ ನೋಡಿದೆ. ಹಾಗೆ ಮಾಡಿದ ನಾಲ್ಕು ಫೈಲ್ ಈಗ ಪೂರ್ತಿ ಬಿಚ್ಚಲಿಕ್ಕೇ ಆಗುವುದಿಲ್ಲ. ಹಳೆಯ ಸರಿಯಿರುವ ಫೈಲನ್ನು ತುಂಡು ತುಂಡಾಗಿ ಬಿಚ್ಚಿದರೆ ಸದಸ್ಯರ ಹೆಸರುಗಳ ನಡುವೆ ಅಲ್ಲಲ್ಲಿ ಪ್ರಶ್ನೆ ಗುರುತಿನ ಕಪ್ಪು ಚಿಹ್ನೆ ಬರುತ್ತದೆ. ಸ್ಟ್ರೀಮ್ ಉಪಯೋಗಿಸಿ ಅನ್ನುತ್ತಾರೆ, ಅದನ್ನು ಸರಿಯಾಗಿ ಮಾಡುವುದು ಹೇಗೆ? ಇಡೀ ಫೈಲ್ ಬಿಚ್ಚದೆ ಒಬ್ಬ ಸದಸ್ಯರ ಹೆಸರು ಹುಡುಕಲಿಕ್ಕೆ ಆಗುತ್ತದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಮೆಮೊರಿ ಸಾಲದ್ದು ಒಂದು, ಅಕ್ಷರ ಒಡೆಯುವುದು ಇನ್ನೊಂದು, ಫೈಲ್ ಬಿಚ್ಚದಿರುವುದು ಮತ್ತೊಂದು. ಮೆಮೊರಿಯದ್ದು ಎರಡು ಸಾಲಿನ ಕೆಲಸ. ಉಳಿದೆರಡು ನನ್ನನ್ನೂ ಕಾಡಿಸಿದ್ದವು, ಹಾಗಾಗಿ ಅವುಗಳ ಬಗ್ಗೆ ಜಾಸ್ತಿ ಬರೆಯುತ್ತೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ನಾಲ್ಕು ಫೈಲ್‌ಗಳನ್ನು ಡಿಲೀಟ್ ಮಾಡಬೇಡಿ. ಅವುಗಳ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಪೈಥಾನ್‌ನ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಈಗ ಸ್ಟ್ರೀಮ್ ಅಂದರೆ ಏನು ನೋಡೋಣ. ನಮ್ಮ ಕಡೆಯ ಸುರಂಗ ನಿಮಗೆ ಗೊತ್ತೇ ಇದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ದಾರಿ, ಒಳಗಿಂದ ನೀರು ಸಣ್ಣಗೆ ಬರುತ್ತಲೇ ಇರುತ್ತದೆ. ಗುಡ್ಡದಲ್ಲಿರುವಷ್ಟೂ ನೀರು ಹಿಡಿಯುವ ಪಾತ್ರೆ ಯಾರ ಮನೆಯಲ್ಲೂ ಇಲ್ಲ. ಕೊಡಪಾನ ಇಡುತ್ತೇವೆ, ತುಂಬಿದರೆ ಒಯ್ದು ಹಂಡೆಗೆ ಸುರಿಯುತ್ತೇವೆ, ಖಾಲಿ ಕೊಡಪಾನ ಮತ್ತೆ ತಂದು ಇಡುತ್ತೇವೆ. ನೀರು ಎಷ್ಟೇ ಬರಲಿ, ಕೈಯಲ್ಲಿರುವುದು ಒಂದು ಕೊಡಪಾನ. ಸ್ಟ್ರೀಮ್ ಅಂದರೆ ಇಷ್ಟೇ. ಫೈಲಿನಿಂದ ಒಂದು ತುಂಡು ಓದಿ, ಅದನ್ನು ಕುಗ್ಗಿಸಿ, ಬಂದದ್ದನ್ನು ಡಿಸ್ಕಿಗೆ ಬರೆದು, ಮುಂದಿನ ತುಂಡಿಗೆ ಹೋಗುವುದು.

ನೀವು ಮೊದಲು ಮಾಡಿದ್ದು ಗುಡ್ಡದ ನೀರನ್ನೆಲ್ಲ ಒಮ್ಮೆಲೇ ಮನೆಯೊಳಗೆ ತಂದ ಹಾಗೆ. ರೀಡ್‌ಗೆ ಅಳತೆ ಕೊಡದೆ ಕರೆದರೆ ಪೈಥಾನ್ 6 ಜಿಬಿಯನ್ನೂ ಮೆಮೊರಿಗೆ ತುಂಬಲು ಹೊರಡುತ್ತದೆ. ಜಿಜಿಪ್ ಮಾಡ್ಯೂಲಿನ ಕಂಪ್ರೆಸ್ ಫಂಕ್ಷನ್ ಕುಗ್ಗಿಸಿದ್ದನ್ನೂ ಅದರ ಪಕ್ಕದಲ್ಲೇ ಮೆಮೊರಿಯಲ್ಲಿ ಇಡುತ್ತದೆ. 4 ಜಿಬಿಯಲ್ಲಿ ಅದು ನಡೆಯುವ ಮಾತೇ ಅಲ್ಲ.

ಇಲ್ಲಿ ಒಂದು ಸಂಶಯ ಬರುವುದು ಸಹಜ. ಇಡೀ ಫೈಲ್ ನೋಡದೆ ಕುಗ್ಗಿಸುವುದು ಹೇಗೆ ಸಾಧ್ಯ? ಮೊದಲ ಪುಟದಲ್ಲಿ ಬಂದ ಹೆಸರು ಕೊನೆಯ ಪುಟದಲ್ಲೂ ಬರುತ್ತದೆ ಎಂದು ಅದಕ್ಕೆ ಹೇಗೆ ಗೊತ್ತು?

ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಜಿಜಿಪ್‌ನ ಒಳಗೆ ಕೆಲಸ ಮಾಡುವ ವಿಧಾನದ ಹೆಸರು ಡಿಫ್ಲೇಟ್. ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ 1977ರಲ್ಲಿ ಪ್ರಕಟಿಸಿದ ವಿಚಾರ, 1952ರ ಹಫ್‌ಮನ್ ಕೋಡ್ (ಹೆಚ್ಚು ಸಲ ಬರುವುದಕ್ಕೆ ಚಿಕ್ಕ ಗುರುತು ಕೊಡುವ ವಿಧಾನ), ಇವೆರಡನ್ನು ಸೇರಿಸಿ ಫಿಲ್ ಕಾಟ್ಜ್ ಅದನ್ನು ರೂಪಿಸಿದರು. ಜಾನ್‌ಲೂ ಗಾಯಿ ಮತ್ತು ಮಾರ್ಕ್ ಆಡ್ಲರ್ 1992ರಲ್ಲಿ ಜಿಜಿಪ್ ಹೊರತಂದರು. ಡಿಫ್ಲೇಟ್ ಯಾವಾಗಲೂ ಹಿಂದಿನ 32 ಕೆಬಿಯನ್ನು ಮಾತ್ರ ನೆನಪಿಡುತ್ತದೆ. ಈಗ ಬಂದ ಬೈಟ್‌ಗಳು ಆ 32 ಕೆಬಿಯಲ್ಲಿ ಎಲ್ಲಾದರೂ ಮೊದಲೇ ಬಂದಿದ್ದರೆ, ಅವನ್ನು ಮತ್ತೆ ಬರೆಯುವುದಿಲ್ಲ. "ಇಷ್ಟು ಬೈಟ್ ಹಿಂದೆ ಹೋಗು, ಅಲ್ಲಿಂದ ಇಷ್ಟು ಬೈಟ್ ಎತ್ತಿಕೋ" ಎಂದು ಗುರುತು ಹಾಕುತ್ತದೆ. ಹೀಗೆ ಒಮ್ಮೆಗೆ 3ರಿಂದ 258 ಬೈಟ್‌ವರೆಗೆ ಎತ್ತಬಹುದು. ನಿಮ್ಮ ಡಂಪ್‌ನಲ್ಲಿ ಸಾಲು ಸಾಲಿಗೂ "ಬದಿಯಡ್ಕ" ಅಂತ, "ಅಡಿಕೆ" ಅಂತ ಬರುತ್ತದಲ್ವಾ? ಹೆಚ್ಚಿನ ಕಡೆ ಅದು ಒಂದು ಸಣ್ಣ ಗುರುತಾಗಿ ಹೋಗುತ್ತದೆ.

ಅದಕ್ಕೇ ಸ್ಟ್ರೀಮ್ ಇಲ್ಲಿ ಇಷ್ಟು ಚೆನ್ನಾಗಿ ಹೊಂದುವುದು. ಸಾಮಾನ್ಯ ಹೊಂದಿಕೆಯಲ್ಲಿ ಕುಗ್ಗಿಸಲು ಜೆಡ್‌ಲಿಬ್‌ಗೆ ಬೇಕಾಗುವ ಮೆಮೊರಿ ಸುಮಾರು 256 ಕೆಬಿ. ಬಿಚ್ಚಲು ಇನ್ನೂ ಕಡಿಮೆ ಸಾಕು. 6 ಜಿಬಿ ಫೈಲಿಗೂ ಅಷ್ಟೇ, 60 ಜಿಬಿಗೂ ಅಷ್ಟೇ. ತುಂಡು ಮಾಡಿ ಕೊಟ್ಟಿದ್ದಕ್ಕೆ ಫೈಲ್ ದೊಡ್ಡದಾಗುವುದೂ ಇಲ್ಲ. ಒಂದೇ ಸ್ಟ್ರೀಮ್ ಒಳಗೆ ಹಿಂದಿನ ತುಂಡಿನ ನೆನಪು ಮುಂದಿನ ತುಂಡಿಗೂ ಇರುತ್ತದೆ.

ಇನ್ನು ಆ ಎರಡು ಸಾಲು. ಮೂಲ ಫೈಲನ್ನು ಓಪನ್ ಮಾಡಿ, ಮೋಡ್ ಆರ್‌ಬಿ. ಗುರಿ ಫೈಲನ್ನು ಜಿಜಿಪ್ ಮಾಡ್ಯೂಲಿನ ಓಪನ್‌ನಿಂದ ತೆರೆಯಿರಿ, ಮೋಡ್ ಡಬ್ಲ್ಯೂಬಿ. ಎರಡನ್ನೂ ಒಂದೇ ವಿತ್ ಸಾಲಿನಲ್ಲಿ ತೆರೆಯಿರಿ. ಅದರ ಒಳಗೆ ಶಟಿಲ್ ಮಾಡ್ಯೂಲಿನ ಕಾಪಿಫೈಲ್ಆಬ್ಜ್ ಎಂಬ ಫಂಕ್ಷನ್‌ಗೆ ಮೊದಲು ಮೂಲ, ಆಮೇಲೆ ಗುರಿ ಕೊಡಿ. ಮುಗಿಯಿತು. ಕೊಡಪಾನ ತುಂಬಿ ಸುರಿಯುವ ಕೆಲಸ ಪೂರ್ತಿ ಅದೇ ಮಾಡುತ್ತದೆ. ತುಂಡಿನ ಅಳತೆ ನೀವು ಹೇಳದಿದ್ದರೆ ವಿಂಡೋಸ್‌ನಲ್ಲಿ 1 ಎಂಬಿ ತೆಗೆದುಕೊಳ್ಳುತ್ತದೆ. ಅದು ಸಾಕು, ಸುಮ್ನೆ ದೊಡ್ಡದು ಮಾಡಿ ಪ್ರಯೋಜನ ಇಲ್ಲ. ಬಿಚ್ಚಲು ಇದನ್ನೇ ತಿರುಗಿಸಿ. ಜಿಜಿಪ್ ಓಪನ್‌ಗೆ ಆರ್‌ಬಿ, ಸಾಮಾನ್ಯ ಓಪನ್‌ಗೆ ಡಬ್ಲ್ಯೂಬಿ.

ಎರಡೂ ಕಡೆ ಬಿ ಇರಲೇಬೇಕು. ಬಿ ಅಂದರೆ ಬೈನರಿ, ಬೈಟ್ ಹೇಗಿದೆಯೋ ಹಾಗೆ. ಅದನ್ನು ಬಿಟ್ಟರೆ ಸಾಮಾನ್ಯ ಓಪನ್ ಅಕ್ಷರವೆಂದು ಓದುತ್ತದೆ, ವಿಂಡೋಸ್‌ನಲ್ಲಿ ಸಾಲಿನ ಕೊನೆಯ ಗುರುತುಗಳನ್ನೂ ಬದಲಾಯಿಸುತ್ತದೆ. ಜಿಜಿಪ್‌ನ ಓಪನ್ ಹಾಗಲ್ಲ, ಮೋಡ್ ಹೇಳದಿದ್ದರೆ ಆರ್‌ಬಿ ಎಂದೇ ಹಿಡಿಯುತ್ತದೆ. ಎರಡಕ್ಕೂ ಹೆಸರು ಓಪನ್, ಆದರೆ ರೂಢಿ ಬೇರೆ. ನೆನಪಿಟ್ಟುಕೊಳ್ಳುವ ಗೋಜೇ ಬೇಡ, ಮೋಡ್ ಯಾವಾಗಲೂ ಬರೆದುಬಿಡಿ.

ಈಗ ಒಡೆದ ಅಕ್ಷರದ ವಿಷಯ. ಇದು ನಮ್ಮ ಭಾಷೆಗೆ ನೇರವಾಗಿ ತಟ್ಟುವ ವಿಷಯ. ಇಂಗ್ಲಿಷಿನಲ್ಲೇ ಕೆಲಸ ಮಾಡುವವರಿಗೆ ಇದು ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಇರಬಹುದು.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ಕ್ರಮ ಯುಟಿಎಫ್-8. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್. ಕನ್ನಡಕ್ಕೆ 3 ಬೈಟ್. ಅದೂ ನಾವು ಕಣ್ಣಲ್ಲಿ ಕಾಣುವ ಒಂದು ಅಕ್ಷರಕ್ಕಲ್ಲ, ಅದರ ಪ್ರತಿ ಭಾಗಕ್ಕೂ. "ಅಡಿಕೆ" ನೋಡಿ. ಅ, ಡ, ಗುಡಿಸು, ಕ, ಎತ್ವ, ಹೀಗೆ 5 ಭಾಗ. ಒಟ್ಟು 15 ಬೈಟ್. "ಕಾಸರಗೋಡು" ಎಂದರೆ 8 ಭಾಗ, 24 ಬೈಟ್. ನಿಮ್ಮ ಸಂಘಗಳ ಪಟ್ಟಿಯಲ್ಲಿ ಮಲಯಾಳದಲ್ಲಿ ಬರೆದ ಹೆಸರುಗಳೂ ಇರುತ್ತವೆ. ಮಲಯಾಳಕ್ಕೂ ಇದೇ ಲೆಕ್ಕ, ಭಾಗಕ್ಕೆ 3 ಬೈಟ್.

ನೀವು 64 ಕೆಬಿ ತುಂಡು ಓದುತ್ತೀರಿ ಎಂದುಕೊಳ್ಳೋಣ. ಅಂದರೆ 65,536 ಬೈಟ್. ಇದನ್ನು 3ರಿಂದ ಭಾಗಿಸಿ. 21,845 ಸಲ ಹೋಗಿ 1 ಉಳಿಯುತ್ತದೆ. ಪೂರ್ತಿ ಕನ್ನಡವೇ ಇರುವ ಫೈಲ್ ಆದರೂ ಮೊದಲ ತುಂಡಿನ ಕೊನೆಯಲ್ಲಿ ಒಂದು ಅಕ್ಷರದ ಒಂದೇ ಬೈಟ್ ಸಿಕ್ಕಿಹಾಕಿಕೊಳ್ಳುತ್ತದೆ, ಉಳಿದೆರಡು ಮುಂದಿನ ತುಂಡಿಗೆ ಹೋಗುತ್ತವೆ. 64 ಕೆಬಿ ಬದಲು 1 ಎಂಬಿ ಇಟ್ಟರೆ ಸರಿಹೋಗುತ್ತದಾ? ಇಲ್ಲ, ಅಲ್ಲೂ 1 ಉಳಿಯುತ್ತದೆ. ನಾವು ಸಾಮಾನ್ಯವಾಗಿ ಇಡುವ ಅಳತೆಗಳೆಲ್ಲ 2ನ್ನು 2ರಿಂದ ಗುಣಿಸುತ್ತಾ ಹೋಗಿ ಬಂದವು. ಅವು ಯಾವುವೂ 3ರಿಂದ ಸರಿಯಾಗಿ ಭಾಗವಾಗುವುದಿಲ್ಲ. 3ರಿಂದ ಭಾಗವಾಗುವ ಅಳತೆ ಹುಡುಕಿ ಇಟ್ಟರೂ ನಡುವೆ ಒಂದು ಇಂಗ್ಲಿಷ್ ಅಂಕಿ, ಒಂದು ಅಲ್ಪವಿರಾಮ ಬಂದರೆ ಲೆಕ್ಕ ತಪ್ಪುತ್ತದೆ. ಅಳತೆ ಬದಲಿಸಿ ಗೆಲ್ಲುವ ದಾರಿ ಇಲ್ಲಿ ಇಲ್ಲ.

ನಿಮ್ಮ ಸ್ಕ್ರಿಪ್ಟ್ ಪ್ರತಿ ತುಂಡನ್ನು ಬೇರೆ ಬೇರೆಯಾಗಿ ಡಿಕೋಡ್ ಮಾಡುತ್ತಿದೆ (ಬೈಟನ್ನು ಅಕ್ಷರವಾಗಿಸುತ್ತಿದೆ), ಎರರ್ಸ್ ಅನ್ನುವಲ್ಲಿ ರಿಪ್ಲೇಸ್ ಎಂದು ಕೊಟ್ಟಿದ್ದೀರಿ. ಚಿಹ್ನೆ ಬರುವ ರೀತಿ ನೋಡಿದರೆ ಇದೇ ಆಗಿರಬೇಕು. ಅರ್ಧ ಅಕ್ಷರ ಸಿಕ್ಕಿದಾಗ ಪೈಥಾನ್ ಆ ಕಪ್ಪು ಚಿಹ್ನೆ ಹಾಕುತ್ತದೆ. ಒಂದು ವಿಷಯ ಗಮನಿಸಿ, ಜಿಜಿಪ್ ಫೈಲಿಗೆ ಏನೂ ಆಗಿಲ್ಲ. ಒಳಗಿನ ಕನ್ನಡ ಇದ್ದ ಹಾಗೇ ಇದೆ. ಒಡೆದದ್ದು ಓದುವ ಕೈಯಲ್ಲಿ. ಎರರ್ಸ್‌ಗೆ ಇಗ್ನೋರ್ ಕೊಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಈಗ ಕಪ್ಪು ಚಿಹ್ನೆಯಾದರೂ ಕಾಣುತ್ತಿದೆ, ಆಗ ಅಕ್ಷರ ಸದ್ದಿಲ್ಲದೆ ಮಾಯವಾಗುತ್ತದೆ. "ಗೋಪಾಲ" ಹೋಗಿ "ಗಪಾಲ" ಆದದ್ದು ಯಾರಿಗೂ ತಿಳಿಯುವುದಿಲ್ಲ. ಸದಸ್ಯರ ಹೆಸರು ಅದು, ಸಾಲದ ಲೆಕ್ಕ ಅದರ ಮೇಲೆ ನಿಂತಿರುತ್ತದೆ.

ಪರಿಹಾರ ಎರಡು. ಬರೀ ಬಿಚ್ಚುವುದಿದ್ದರೆ ಡಿಕೋಡ್ ಮಾಡುವುದೇ ಬೇಡ. ಬೈಟ್ ಒಳಗೆ, ಬೈಟ್ ಹೊರಗೆ. ಮೇಲೆ ಹೇಳಿದ ಕಾಪಿಫೈಲ್ಆಬ್ಜ್ ಮಾಡುವುದು ಅದನ್ನೇ. ಅಕ್ಷರವಾಗಿ ಓದಲೇಬೇಕಿದ್ದರೆ ಜಿಜಿಪ್ ಓಪನ್‌ಗೆ ಆರ್‌ಟಿ ಮೋಡ್ ಕೊಟ್ಟು ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ. ಆಗ ಒಳಗೆ ಕೂತಿರುವ ಡಿಕೋಡರ್ ಉಳಿದ ಒಂದೆರಡು ಬೈಟನ್ನು ಹಿಡಿದಿಟ್ಟುಕೊಂಡು, ಮುಂದಿನ ತುಂಡು ಬಂದ ಮೇಲೆ ಸೇರಿಸಿ ಅಕ್ಷರ ಮಾಡುತ್ತದೆ. ಎನ್‌ಕೋಡಿಂಗ್ ಬರೆಯುವುದನ್ನು ಮರೆತರೆ ವಿಂಡೋಸ್ ತನ್ನ ಹಳೆಯ ಕೋಡ್‌ಪೇಜ್ ಹಿಡಿಯುತ್ತದೆ, ಆಗ ಒಂದೆರಡು ಅಕ್ಷರ ಅಲ್ಲ, ಎಲ್ಲ ಅಕ್ಷರವೂ ಹಾಳು. ತುಂಡುಗಳು ನಿಮ್ಮ ಕೈಗೇ ಬರುವ ಸಂದರ್ಭ ಇದ್ದರೆ, ಉದಾಹರಣೆಗೆ ನೆಟ್‌ವರ್ಕ್‌ನಿಂದ, ಕೋಡೆಕ್ಸ್ ಮಾಡ್ಯೂಲಿನಲ್ಲಿ ಇನ್‌ಕ್ರಿಮೆಂಟಲ್ ಡಿಕೋಡರ್ ಅಂತ ಒಂದಿದೆ. ಹಿಡಿದಿಟ್ಟು ಸೇರಿಸುವ ಕೆಲಸ ಅದೂ ಮಾಡುತ್ತದೆ. ಸ್ಟ್ರೀಮ್ ಪೂರ್ತಿಗೆ ಒಂದೇ ಡಿಕೋಡರ್ ಇಟ್ಟುಕೊಳ್ಳಿ, ತುಂಡಿಗೊಂದು ಹೊಸತು ಮಾಡಿದರೆ ಮತ್ತೆ ಅದೇ ಕಥೆ.

ಮೂರನೆಯದು, ಬಿಚ್ಚದ ಫೈಲ್. ಇದಕ್ಕೆ ಜಿಜಿಪ್ ಫೈಲಿನ ಕೊನೆಯಲ್ಲಿ ಏನಿರುತ್ತದೆ ಎಂದು ತಿಳಿದಿರಬೇಕು.

ಮೊದಲಿಗೆ ಒಂದು ಸಣ್ಣ ತಲೆಬರಹ, ನಡುವೆ ಕುಗ್ಗಿಸಿದ ದತ್ತಾಂಶ, ಕೊನೆಗೆ 8 ಬೈಟ್. ಆ 8ರಲ್ಲಿ ಮೊದಲ 4 ಬೈಟ್ ಸಿಆರ್‌ಸಿ-32 ಎಂಬ ತಾಳೆ ಅಂಕಿ. ಬಿಚ್ಚಿದ ದತ್ತಾಂಶ ಮೂಲದ ಹಾಗೇ ಇದೆಯಾ ಎಂದು ನೋಡುವುದು ಅದರಿಂದ. ಉಳಿದ 4 ಬೈಟ್ ಮೂಲದ ಉದ್ದ. ಕುಗ್ಗಿಸುವವನು ಬಂದ ಬೈಟನ್ನೆಲ್ಲ ಕೂಡಲೇ ಹೊರಗೆ ಬಿಡುವುದೂ ಇಲ್ಲ. ಇನ್ನೂ ಉದ್ದದ ಹೊಂದಿಕೆ ಸಿಗಬಹುದೇನೋ ಎಂದು ಸ್ವಲ್ಪ ಒಳಗೇ ಇಟ್ಟುಕೊಂಡಿರುತ್ತಾನೆ. ಫೈಲ್ ಮುಗಿಯಿತು ಎಂದು ನೀವು ಹೇಳಿದಾಗಲೇ ಅದು ಹೊರಗೆ ಬರುವುದು. ಜೆಡ್‌ಲಿಬ್‌ನ ಕಂಪ್ರೆಸ್ಆಬ್ಜ್ ಉಪಯೋಗಿಸಿದರೆ ಹಾಗೆ ಹೇಳುವ ಕೆಲಸ ನಿಮ್ಮದು. ಕೊನೆಯಲ್ಲಿ ಫ್ಲಶ್ ಕರೆದು, ಅದು ಕೊಟ್ಟ ಬೈಟ್‌ಗಳನ್ನೂ ಫೈಲಿಗೆ ಬರೆಯಬೇಕು. ನಿಮ್ಮ ನಾಲ್ಕು ಫೈಲ್‌ಗಳಲ್ಲಿ ಬಿಟ್ಟುಹೋದದ್ದು ಇದೇ ಎಂದು ನನ್ನ ಅಂದಾಜು. ಲೂಪ್ ಮುಗಿಯಿತು, ಫೈಲ್ ಮುಚ್ಚಿತು, ಫ್ಲಶ್ ಇಲ್ಲ. ಜಿಜಿಪ್ ಓಪನ್ ಜತೆ ವಿತ್ ಹಾಕಿದರೆ ಅದು ತಾನಾಗಿ ಆಗುತ್ತದೆ. ನೀವು ಜೆಡ್‌ಲಿಬ್ ಬಿಟ್ಟು ಜಿಜಿಪ್ ಮಾಡ್ಯೂಲಿಗೇ ಬನ್ನಿ ಎಂದು ಹೇಳುವುದು ಅದಕ್ಕೇ.

ಆ ಉದ್ದದ ಅಂಕಿಯ ಬಗ್ಗೆ ಒಂದು ಮಾತು. 4 ಬೈಟ್‌ನಲ್ಲಿ 4 ಜಿಬಿಗಿಂತ ದೊಡ್ಡ ಅಂಕಿ ಹಿಡಿಯುವುದಿಲ್ಲ. ಅದು ತಿರುಗಿ ಸೊನ್ನೆಯಿಂದ ಶುರುವಾಗುತ್ತದೆ. ನಿಮ್ಮ 6 ಜಿಬಿ ಫೈಲಿನ ಕೊನೆಯಲ್ಲಿ 2 ಜಿಬಿ ಎಂದು ಬರೆದಿರುತ್ತದೆ. ಜಿಜಿಪ್ ಕಮಾಂಡಿನ ಹಳೆಯ ಆವೃತ್ತಿಗಳು ಆ ಅಂಕಿಯನ್ನೇ ತೋರಿಸುತ್ತಿದ್ದವು, 2022ರಲ್ಲಿ ಬಂದ 1.12ರಲ್ಲಿ ಸರಿಮಾಡಿದರು. ಎಲ್ಲಾದರೂ 2 ಜಿಬಿ ಎಂದು ಕಂಡರೆ ಹೆದರಬೇಡಿ, ಫೈಲ್ ಕೆಟ್ಟಿದೆ ಎಂದು ಅರ್ಥವಲ್ಲ. ಹಾಗೆಯೇ, ಆ ಅಂಕಿ ನೋಡಿ ಡಿಸ್ಕಿನಲ್ಲಿ ಜಾಗ ಸಾಕು ಎಂದು ತೀರ್ಮಾನಿಸಲೂಬೇಡಿ.

ಕೊನೆ ಇಲ್ಲದ ಫೈಲ್ ಎಷ್ಟು ಅಪಾಯ ಎಂದು ನಾನು ಕಲಿತದ್ದು ಒಂದು ಮಳೆಗಾಲದಲ್ಲಿ. ಒಂದು ಕಡೆಯ ವರ್ಷದ ಲೆಕ್ಕ ಕುಗ್ಗಿಸಲು ಸ್ಕ್ರಿಪ್ಟ್ ಹಾಕಿ ಬಂದಿದ್ದೆ. ನಡುವೆ ಕರೆಂಟ್ ಹೋಯಿತು. ಆಟಿ ತಿಂಗಳ ಗಾಳಿಮಳೆ ನಿಮಗೆ ಹೇಳಬೇಕಾಗಿಲ್ಲ. ಬೆಳಗ್ಗೆ ನೋಡಿದರೆ ಜಿಜಿಪ್ ಫೈಲ್ ಇತ್ತು, ಹೆಸರು ಸರಿ ಇತ್ತು, ಅಳತೆಯೂ ದೊಡ್ಡದೇ ಇತ್ತು. ಜಾಗ ಸಾಲುತ್ತಿಲ್ಲ ಎಂದು ಮೂಲ ಅಳಿಸಿಬಿಟ್ಟೆ. ಎರಡು ತಿಂಗಳು ಬಿಟ್ಟು ಬೇಕಾದಾಗ ಬಿಚ್ಚಿದರೆ ಮುಕ್ಕಾಲು ಭಾಗ ಬಂದು ನಿಂತಿತು. ಉಳಿದ ಕಾಲು ಭಾಗವನ್ನು ಅಲ್ಲಿನವರು ರಶೀದಿ ಪುಸ್ತಕ ನೋಡಿ ಕೈಯಲ್ಲಿ ಮತ್ತೆ ತುಂಬಿದರು. ಅವರ ಜತೆ ನಾನೂ ನಾಲ್ಕು ದಿನ ಕೂತೆ. ಅಂದಿನಿಂದ ಈ ಕ್ರಮ ಒಂದು ದಿನವೂ ಬಿಟ್ಟಿಲ್ಲ.

ಮೊದಲು ಬೇರೆ ಹೆಸರಿನಲ್ಲಿ ಬರೆಯಿರಿ, ಹೆಸರಿನ ಕೊನೆಗೆ ಡಾಟ್ ಪಾರ್ಟ್ ಅಂತ ಸೇರಿಸಿ. ಬರೆದು ಮುಗಿದ ಮೇಲೆ ಅದನ್ನೇ ತೆರೆದು, ಎಲ್ಲೂ ಉಳಿಸದೆ, ಕೊನೆಯವರೆಗೆ ತುಂಡು ತುಂಡಾಗಿ ಓದಿ. ಕೊನೆ ಮುಟ್ಟಿದಾಗ ಪೈಥಾನ್ ತಾನೇ ಸಿಆರ್‌ಸಿ ತಾಳೆ ನೋಡುತ್ತದೆ. ನಡುವೆ ತುಂಡಾಗಿದ್ದರೆ ಇಒಎಫ್ ಎರರ್ ಕೊಡುತ್ತದೆ. ಓದುತ್ತಲೇ ಹ್ಯಾಶ್‌ಲಿಬ್‌ನಲ್ಲಿ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನ ಹಾಗಿರುವ ಅಂಕಿ) ಲೆಕ್ಕ ಹಾಕಿ, ಮೂಲ ಫೈಲಿನ ಲೆಕ್ಕದ ಜತೆ ಹೋಲಿಸಿ. ಹ್ಯಾಶ್‌ಗೂ ತುಂಡು ತುಂಡಾಗಿ ಕೊಡಬಹುದು, ಮೆಮೊರಿ ಚಿಂತೆ ಇಲ್ಲ. ಎರಡೂ ಒಂದೇ ಬಂದರೆ ಓಎಸ್ ಮಾಡ್ಯೂಲಿನ ರಿಪ್ಲೇಸ್‌ನಿಂದ ನಿಜವಾದ ಹೆಸರು ಕೊಡಿ. ಇದಾದ ಮೇಲೆ ಮಾತ್ರ ಮೂಲದ ಮೇಲೆ ಕೈ ಹಾಕಿ. ಕರೆಂಟ್ ಹೋದರೆ ಆಗ ಉಳಿಯುವುದು ಒಂದು ಪಾರ್ಟ್ ಫೈಲ್, ನೋಡಿದ ಕೂಡಲೇ ಗೊತ್ತಾಗುತ್ತದೆ. ಸಮಯ ಸ್ವಲ್ಪ ಜಾಸ್ತಿ ಹಿಡಿಯುತ್ತದೆ ನಿಜ. ಆದರೆ ಬಿಚ್ಚುವುದು ಕುಗ್ಗಿಸುವುದಕ್ಕಿಂತ ಬಹಳ ಬೇಗ ಆಗುವ ಕೆಲಸ, ಹಾಗಾಗಿ ತುಂಬಾ ಕಾಯಬೇಕಾಗುವುದಿಲ್ಲ.

ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆ 6 ಜಿಬಿ ಫೈಲ್ ಡಿಸ್ಕಿನಲ್ಲಿ ಯಾಕೆ ಇರಬೇಕು? ಡಂಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್ ತನ್ನ ಫಲಿತಾಂಶವನ್ನು ಹರಿವಾಗಿಯೇ ಕೊಡುತ್ತದೆ. ಸಬ್‌ಪ್ರೊಸೆಸ್ ಮಾಡ್ಯೂಲಿನ ಪಿಓಪನ್‌ನಿಂದ ಅದನ್ನು ಶುರು ಮಾಡಿ, ಎಸ್‌ಟಿಡಿಔಟ್ ಪೈಪ್ ಎಂದು ಕೊಟ್ಟು, ಆ ಪೈಪನ್ನೇ ಕಾಪಿಫೈಲ್ಆಬ್ಜ್‌ಗೆ ಮೂಲವಾಗಿ ಕೊಡಿ. ಸುರಂಗದ ಬಾಯಿಗೆ ಅಡಿಕೆ ಮರದ ದಂಬೆ ಇಟ್ಟು ನೇರ ತೋಟಕ್ಕೆ ಬಿಟ್ಟ ಹಾಗೆ. ದೊಡ್ಡ ಡಂಪ್ ಫೈಲ್ ಹುಟ್ಟುವುದೇ ಇಲ್ಲ.

ಆದರೆ ಇಲ್ಲಿ ಒಂದು ಗುಂಡಿ ಇದೆ, ಎಚ್ಚರ. ಡಂಪ್ ನಡುವೆ ಏನೋ ಆಗಿ ನಿಂತರೆ ಪೈಪ್ ಸುಮ್ಮನೆ ಮುಚ್ಚಿಕೊಳ್ಳುತ್ತದೆ. ನಿಮ್ಮ ಸ್ಕ್ರಿಪ್ಟ್ ಎಲ್ಲ ಬಂತು ಎಂದುಕೊಂಡು ಸಿಆರ್‌ಸಿ ಸಮೇತ ಚೆಂದವಾಗಿ ಮುಗಿಸುತ್ತದೆ. ಫೈಲ್ ಪೂರ್ತಿ ಸರಿ, ಒಳಗಿರುವುದು ಅರ್ಧ ಡೇಟಾಬೇಸ್. ಸಿಆರ್‌ಸಿ ಇದನ್ನು ಹಿಡಿಯಲಾರದು. ಹೋಲಿಸಿ ನೋಡಲು ಮೂಲ ಫೈಲೂ ಇರುವುದಿಲ್ಲ. ಹಾಗಾಗಿ ಕೊನೆಯಲ್ಲಿ ವೇಟ್ ಕರೆದು ರಿಟರ್ನ್ ಕೋಡ್ ಸೊನ್ನೆಯೇ (ಅಂದರೆ ತೊಂದರೆ ಇಲ್ಲದೆ ಮುಗಿದಿದೆಯೇ) ಎಂದು ನೋಡಲೇಬೇಕು. ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್‌ಡಂಪ್ ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಡಂಪ್ ಕಂಪ್ಲೀಟೆಡ್ ಎಂದು ಬರೆಯುತ್ತದೆ. ತಾಳೆ ನೋಡುವಾಗ ಆ ಸಾಲು ಇದೆಯಾ ಎಂದೂ ನೋಡಿ. ಎರಡೂ ಸರಿ ಇದ್ದರೆ ಮಾತ್ರ ಹೆಸರು ಬದಲಿಸಿ. ಎರರ್ ಸಂದೇಶಗಳು ಬರುವ ಎಸ್‌ಟಿಡಿಎರರ್ ಅನ್ನು ಪೈಪ್ ಮಾಡಿ ಓದದೆ ಬಿಡಬೇಡಿ. ಅದು ತುಂಬಿಕೊಂಡರೆ ಡಂಪ್ ಅಲ್ಲೇ ನಿಂತುಬಿಡುತ್ತದೆ. ಅದನ್ನು ಒಂದು ಲಾಗ್ ಫೈಲಿಗೆ ಕಳಿಸಿ, ಬೆಳಗ್ಗೆ ಓದಲಿಕ್ಕೂ ಬೇಕಾಗುತ್ತದೆ.

ಈಗ ಹುಡುಕುವುದು. ಇಡೀ ಫೈಲನ್ನು ಡಿಸ್ಕಿಗೆ ಬಿಚ್ಚದೆ ಹುಡುಕಬಹುದು. ಆದರೆ ಮೊದಲಿಂದ ಓದದೆ ನೇರ ನಡುವಿಗೆ ಹಾರುವುದು ಆಗದು. ಪ್ರತಿ ಗುರುತೂ ಹಿಂದಿನ 32 ಕೆಬಿಯನ್ನು ನಂಬಿಕೊಂಡಿದೆಯಲ್ವಾ? ಜಿಜಿಪ್ ಫೈಲಿನಲ್ಲಿ ಸೀಕ್ ಎಂದು ಹಿಂದಕ್ಕೆ ಹೋಗಲು ಹೇಳಿದರೆ ಪೈಥಾನ್ ಒಳಗೊಳಗೇ ಮೊದಲಿಂದ ಮತ್ತೆ ಬಿಚ್ಚುತ್ತಾ ಬರುತ್ತದೆ. ಒಂದು ಲೂಪಿನಲ್ಲಿ ಹಾಗೆ ಹಿಂದೆ ಮುಂದೆ ಹೋದರೆ ರಾತ್ರಿ ಬೆಳಗಾದರೂ ಮುಗಿಯದು. ಆರ್‌ಟಿ ಮೋಡ್‌ನಲ್ಲಿ ತೆರೆದು, ಫಾರ್ ಲೂಪ್ ಹಾಕಿ ಸಾಲು ಸಾಲಾಗಿ ಓದಿ, ಹೆಸರು ಇದ್ದ ಸಾಲನ್ನು ಮಾತ್ರ ಮುದ್ರಿಸಿ. ಮೆಮೊರಿಯಲ್ಲಿ ಆಗ ಇರುವುದು ಹೆಚ್ಚುಕಡಿಮೆ ಒಂದು ಸಾಲು.

ಡಂಪ್ ಫೈಲಿನಲ್ಲಿ ಆ ಒಂದು ಸಾಲೇ ಬಹಳ ಉದ್ದ ಇರುತ್ತದೆ. ಸಾವಿರಾರು ಸದಸ್ಯರ ದಾಖಲೆ ಒಂದೇ ಇನ್ಸರ್ಟ್ ಸಾಲಿನಲ್ಲಿ ಬರುತ್ತದೆ. ಡಂಪ್ ತೆಗೆಯುವಾಗ ಸ್ಕಿಪ್ ಎಕ್ಸ್‌ಟೆಂಡೆಡ್ ಇನ್ಸರ್ಟ್ ಆಯ್ಕೆ ಕೊಟ್ಟರೆ ದಾಖಲೆಗೊಂದು ಸಾಲು ಬರುತ್ತದೆ. ಅದರಿಂದ ಮರಳಿ ತುಂಬುವುದು ನಿಧಾನವಾಗುತ್ತದೆ. ನಾನಾದರೆ ಬ್ಯಾಕಪ್ ಡಂಪನ್ನು ಹಾಗೇ ಬಿಟ್ಟು, ಸದಸ್ಯರ ಟೇಬಲ್ ಒಂದನ್ನು ಮಾತ್ರ ಬೇರೆಯಾಗಿ ಸಾಲು ಸಾಲಾಗಿ ತೆಗೆದು ಇನ್ನೊಂದು ಸಣ್ಣ ಜಿಜಿಪ್ ಮಾಡಿ ಇಡುತ್ತೇನೆ. ಹುಡುಕಲು ಅದು ಸಾಕು.

ಹುಡುಕಿದಾಗ ಕಣ್ಣೆದುರೇ ಇರುವ ಹೆಸರು ಸಿಗದಿದ್ದರೆ ಗಾಬರಿ ಆಗಬೇಡಿ. ಕನ್ನಡದ ಓತ್ವದ ದೀರ್ಘವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಮೂರು ಚಿಹ್ನೆ ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ "ಗೋಪಾಲ". ಬೈಟ್ ಬೇರೆ ಬೇರೆ. ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಎಂದು ಕೊಟ್ಟು, ಓದಿದ ಸಾಲನ್ನೂ ಹುಡುಕುವ ಹೆಸರನ್ನೂ ಒಂದೇ ರೂಪಕ್ಕೆ ತಂದು ಹೋಲಿಸಿ. ಹುಡುಕಲು ಮಾತ್ರ ಹೀಗೆ ಮಾಡಿ, ಬ್ಯಾಕಪ್‌ನ ಬೈಟ್ ಮುಟ್ಟಬೇಡಿ.

ನೀವು ಕೇಳಿಲ್ಲ, ಆದರೂ ಕುಗ್ಗಿಸುವ ಮಟ್ಟದ ಬಗ್ಗೆ ಎರಡು ಮಾತು. ಪೈಥಾನ್‌ನಲ್ಲಿ ಹೇಳದಿದ್ದರೆ ಜಿಜಿಪ್ ಮಾಡ್ಯೂಲ್ ಇಲ್ಲಿಯವರೆಗೆ 9ನೇ ಮಟ್ಟ ಹಿಡಿಯುತ್ತಾ ಬಂದಿದೆ. ಅದು ಎಲ್ಲಕ್ಕಿಂತ ನಿಧಾನ. ಕಂಪ್ರೆಸ್‌ಲೆವೆಲ್ 6 ಎಂದು ಕೊಡಿ. ಸಾಮಾನ್ಯವಾಗಿ ಫೈಲ್ ಸ್ವಲ್ಪವೇ ದೊಡ್ಡದಾಗುತ್ತದೆ, ಸಮಯ ಚೆನ್ನಾಗಿ ಉಳಿಯುತ್ತದೆ. ವರ್ಷಕ್ಕೊಮ್ಮೆ ತೆಗೆದಿಡುವ ಪ್ರತಿಗೆ ಎಲ್‌ಜೆಡ್‌ಎಂಎ ಮಾಡ್ಯೂಲ್ ಒಳ್ಳೆಯದು, ಎಕ್ಸ್‌ಜೆಡ್ ಫೈಲ್ ಕೊಡುತ್ತದೆ. ಅದರ 6ನೇ ಮಟ್ಟ 8 ಎಂಬಿ ಹಿಂದಿನವರೆಗೆ ನೆನಪಿಡುತ್ತದೆ, ಹಾಗಾಗಿ ಜಾಸ್ತಿ ಕುಗ್ಗುತ್ತದೆ. ಕುಗ್ಗಿಸುವಾಗ ಸುಮಾರು 94 ಎಂಬಿ ಮೆಮೊರಿ ಬೇಕು. 9ನೇ ಮಟ್ಟಕ್ಕೆ ಹೋದರೆ 674 ಎಂಬಿ ಬೇಕು, ನಿಮ್ಮ ಕಂಪ್ಯೂಟರಿನಲ್ಲಿ ಅದು ಬೇಡ. ಪೈಥಾನ್ 3.14ಕ್ಕೆ ಹೋದರೆ ಝಡ್‌ಸ್ಟ್ಯಾಂಡರ್ಡ್ ಎಂಬ ಇನ್ನೊಂದು ಕುಗ್ಗಿಸುವ ವಿಧಾನ ಜತೆಗೇ ಬರುತ್ತದೆ. ವೇಗ ಬಹಳ ಚೆನ್ನಾಗಿದೆ, ದಿನಾ ರಾತ್ರಿಯ ಕೆಲಸಕ್ಕೆ ಮುಂದೆ ಅದನ್ನು ನೋಡಬಹುದು. ಉಪಯೋಗಿಸುವ ರೀತಿ ಎಲ್ಲಕ್ಕೂ ಒಂದೇ, ಓಪನ್ ಮಾತ್ರ ಬದಲು. ಸ್ಕ್ಯಾನ್ ಮಾಡಿದ ಜೆಪೆಗ್ ಚಿತ್ರಗಳನ್ನು ಮಾತ್ರ ಇದಕ್ಕೆ ಹಾಕಬೇಡಿ. ಅವು ಮೊದಲೇ ಕುಗ್ಗಿದವು, ಸಮಯ ಹೋಗುವುದೊಂದೇ.

ಹೊರಗಿನವರು ಕಳಿಸಿದ ಜಿಜಿಪ್ ಬಿಚ್ಚುವಾಗ ಬರೆಯುವ ಬೈಟ್ ಎಣಿಸಿ, ಒಂದು ಮಿತಿ ಇಡಿ. ಡಿಫ್ಲೇಟ್ ಸಾವಿರಕ್ಕೆ ಒಂದರಷ್ಟು ಕುಗ್ಗಿಸಬಲ್ಲದು. 1 ಎಂಬಿ ಫೈಲ್ ಬಿಚ್ಚಿ 1 ಜಿಬಿ ಆಗಬಹುದು. ಸ್ಟ್ರೀಮ್ ನಿಮ್ಮ ಮೆಮೊರಿಯನ್ನು ಕಾಯುತ್ತದೆ, ಡಿಸ್ಕನ್ನು ಕಾಯುವುದಿಲ್ಲ.

ಇನ್ನು ಆ ನಾಲ್ಕು ಫೈಲ್. ಮೊದಲು ಅವುಗಳ ಪ್ರತಿ ಮಾಡಿ, ಪ್ರತಿಯ ಮೇಲೆ ಕೆಲಸ ಮಾಡಿ. ಇಲ್ಲಿ ಜೆಡ್‌ಲಿಬ್ ನಿಜವಾಗಿಯೂ ಬೇಕು. ಡಿಕಂಪ್ರೆಸ್ಆಬ್ಜ್ ತೆರೆಯಿರಿ, ಡಬ್ಲ್ಯೂಬಿಟ್ಸ್ 31 ಕೊಡಿ. 31 ಅಂದರೆ ಜಿಜಿಪ್ ತಲೆಬರಹ ಇದೆ ಎಂದು ಹೇಳಿದ ಹಾಗೆ. ಕುಗ್ಗಿಸುವಾಗ ಡಬ್ಲ್ಯೂಬಿಟ್ಸ್ ಕೊಟ್ಟಿರಲಿಲ್ಲ ಅಂದರೆ ಅವು ಜಿಜಿಪ್ ಅಲ್ಲ, ಜೆಡ್‌ಲಿಬ್ ರೂಪದ ಫೈಲ್. ಆಗ 15 ಕೊಡಿ. ಯಾವುದು ಎಂದು ನೆನಪಿಲ್ಲದಿದ್ದರೆ 47 ಕೊಡಿ, ಅದು ತಾನೇ ನೋಡಿ ಹಿಡಿಯುತ್ತದೆ. ಫೈಲಿನಿಂದ 64 ಕೆಬಿ ಓದಿ ಅದಕ್ಕೆ ಕೊಡಿ, ಬಂದದ್ದನ್ನು ಬೈನರಿಯಾಗಿ ಬರೆಯಿರಿ. ಫೈಲ್ ಮುಗಿದಾಗ ಫ್ಲಶ್ ಕರೆದು ಅದು ಕೊಟ್ಟದ್ದನ್ನೂ ಬರೆಯಿರಿ. ಕೊನೆ ಇಲ್ಲ ಎಂದು ಈ ದಾರಿಯಲ್ಲಿ ಎರರ್ ಬರುವುದಿಲ್ಲ, ಇಒಎಫ್ ಎಂಬ ಗುಣ ಫಾಲ್ಸ್ ಎಂದು ತೋರಿಸುತ್ತದೆ ಅಷ್ಟೇ. ಬಂದ ಫೈಲಿನ ಕೊನೆಯಲ್ಲಿ ಅರ್ಧ ಸಾಲು ಇರುತ್ತದೆ, ಅರ್ಧ ಅಕ್ಷರವೂ ಇರಬಹುದು. ಕೊನೆಯ ಪೂರ್ತಿ ಸಾಲಿನವರೆಗೆ ಉಳಿಸಿ ಮಿಕ್ಕದ್ದು ಕತ್ತರಿಸಿ.

ಫ್ಲಶ್ ಒಂದೇ ಬಿಟ್ಟುಹೋಗಿದ್ದರೆ ನಿಮಗೆ ನಷ್ಟ ಆಗುವುದು ಕಟ್ಟಕಡೆಯ ಸ್ವಲ್ಪ ಭಾಗ ಮಾತ್ರ. ಡಂಪ್‌ನಲ್ಲಿ ಟೇಬಲ್‌ಗಳು ಹೆಸರಿನ ಕ್ರಮದಲ್ಲಿ ಬರುವುದರಿಂದ ಯಾವ ಟೇಬಲ್ ಕತ್ತರಿಸಿದೆ ಎಂದು ತೆರೆದ ಕೂಡಲೇ ಗೊತ್ತಾಗುತ್ತದೆ. ಆ ಒಂದು ಟೇಬಲನ್ನು ಅದರ ಹಿಂದಿನ ಅಥವಾ ಮುಂದಿನ ದಿನದ ಒಳ್ಳೆಯ ಬ್ಯಾಕಪ್‌ನಿಂದ ನೋಡಿ ತುಂಬಿಕೊಳ್ಳಬಹುದು. ಬೇರೆ ಒಂದು ಖಾಲಿ ಡೇಟಾಬೇಸ್ ಮಾಡಿ ಅಲ್ಲಿಗೆ ಹಾಕಿ ನೋಡಿ, ಈಗ ನಡೆಯುತ್ತಿರುವುದರ ಮೇಲೆ ಬೇಡ.